ಆರದ ಫರಸಿ

ಭಂಕೂರದ ಮನೆಯ ಬಚ್ಚಲಿನ ಫರಸಿ ಕಲ್ಲನ್ನು ಮೈದುನ ಹಣಮಪ್ಪ ಒಡೆದು ಹಾಕಲಿದ್ದಾನೆ ಎಂಬ ಸುದ್ದಿ ಬಂದ ಮರುದಿನವೇ ಜಗದೇವಿ ಸೇಡಂ ಬಿಟ್ಟಳು.

ಸುದ್ದಿ ಕಳಿಸಿದವಳು ವಾಡಿಯಲ್ಲಿದ್ದ ನಾದಿನಿ ಗುಂಡಮ್ಮ. ಆಕೆಯ ಗಂಡ ರೈಲ್ವೆಯವನು, ಹಾಗಾಗಿ ಆಕೆಯ ಮಾತು ಯಾವಾಗಲೂ ಗಾಡಿ ಹತ್ತಿಯೇ ಬರುತ್ತಿತ್ತು. ಪ್ಯಾಸೆಂಜರಿನ ಗಾರ್ಡು ಸೇಡಂ ಸ್ಟೇಶನ್ ಮಾಸ್ತರರಿಗೆ ಹೇಳಿದ, ಮಾಸ್ತರರ ಹೆಂಡತಿ ಬಿಸಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು ಜಗದೇವಿಯ ಬಾಡಿಗೆ ಕೋಣೆಯ ತನಕ ಬಂದಳು.

"ಕಲ್ಲು ಹೋದ್ರ ಅವ್ವನ ಮಾತೂ ಹೋಯ್ತು, ಬಂದು ಮಗಳನ್ನ ಕರ್ಕೊಂಡು ಹೋಗು ಅಂತ ಹೇಳ್ಯಾರ ನೋಡ್ರಿ. ಯಾವ ಕಲ್ರೀ ಅದು?"

"ನಮ್ಮನಿ ಬಚ್ಚಲದ್ದು" ಎಂದಷ್ಟೇ ಹೇಳಿ ಜಗದೇವಿ ಟ್ರಂಕು ಎಳೆದಳು. ಅದರಲ್ಲಿ ತನ್ನ ಒಂದು ಸೀರೆ, ಮಗಳಿಗೆಂದು ಹೊಲಿಸಿದ ಹೊಸ ಫ್ರಾಕು, ಒಂದು ಪಾಟಿ ಇಟ್ಟಳು. ಜೂನಿನಲ್ಲಿ ಶಾಲೆ ಶುರುವಾಗುತ್ತದೆ. ಸುಗಲಾಳಿಗೆ ಆರು ತುಂಬುತ್ತ ಬಂದಿತ್ತು. ಹೆಸರು ಹಚ್ಚಲು ಜಗದೇವಿ ಕಲಿಸುತ್ತಿದ್ದ ಶಾಲೆಯ ದೊಡ್ಡ ಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ, ಒಪ್ಪಿದ್ದರು. ಆದರೆ ಹೆಸರು ಹಚ್ಚಬೇಕಾದರೆ ಹುಡುಗಿ ಸೇಡಂನಲ್ಲಿರಬೇಕು. ಹುಡುಗಿ ಇದ್ದದ್ದು ಭಂಕೂರದಲ್ಲಿ, ಅಜ್ಜಿ ಮಾಳಮ್ಮನ ಮಡಿಲಲ್ಲಿ.

ಮೂರು ವರ್ಷದ ಹಿಂದೆ ಮಾಳಮ್ಮ ಆಡಿದ ಮಾತು ಅದು: "ಈ ಕಲ್ಲು ಆರಲಿ. ಆಮ್ಯಾಲೆ ನಿನ್ನ ಮಗಳನ್ನ ಒಯ್ಯಿ."

ಏಪ್ರಿಲ್ ತಿಂಗಳಲ್ಲಿ ಒದ್ದೆ ಕಲ್ಲು ಆರಲು ಎಷ್ಟು ಹೊತ್ತು ಬೇಕು? ಆಗ ಜಗದೇವಿ ಹಾಗೇ ಅಂದುಕೊಂಡಿದ್ದಳು. ಕಲ್ಲು ಆರಲಿಲ್ಲ.

ಅವಳ ಗಂಡ ಶಿವರಾಯ ಶಹಾಬಾದದ ಖಣಿಯಲ್ಲಿ ಫರಸಿ ತೆಗೆಯುವವನು. ಒಂದು ಬೇಸಿಗೆ ಮುಂಜಾನೆ, ಎಬ್ಬಿಸಿ ನಿಲ್ಲಿಸಿದ್ದ ದೊಡ್ಡ ಚಪ್ಪಡಿಯೊಂದು ಜಾರಿ ಅವನ ಮೇಲೆ ಬಿತ್ತು. ಜಗದೇವಿ ಆವತ್ತು ಗುಲಬರ್ಗಾದಲ್ಲಿ ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಕುಳಿತಿದ್ದಳು. ಓದಿಸಿದವನೂ ಅವನೇ. "ಶಿವರಾಯಗ ಮೈಯಾಗ ಆರಾಮಿಲ್ಲ, ಬಾ" ಎಂದು ಹೇಳಿ ಕಳಿಸಿದ್ದರು. ಮೈಯಾಗ ಆರಾಮಿಲ್ಲ ಎಂದರೆ ಜ್ವರ ಇರಬಹುದು ಅಂದುಕೊಂಡು ಅವಳು ಪೇಪರು ಪೂರ್ತಿ ಬರೆದಳು. ಹೆಚ್ಚಿನ ಹಾಳೆಯನ್ನೂ ಕೇಳಿ ಪಡೆದಳು. ಅವಳು ಊರು ಮುಟ್ಟಿದಾಗ ಹೊತ್ತು ಮುಳುಗಿತ್ತು, ಮಣ್ಣು ಕೊಟ್ಟು ಬಂದ ಗಂಡಸರು ಬಾಗಿಲಲ್ಲಿ ಕೈಕಾಲು ತೊಳೆಯುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿ. ಸತ್ತವರಿಗೆ ಕೊನೆಯ ಜಳಕ ಬಚ್ಚಲಿನ ಫರಸಿಯ ಮೇಲೆ. ಮನೆಯವರೆಲ್ಲ ಒಂದೊಂದು ತಂಬಿಗೆ ಹಾಕಬೇಕು. ಮರುದಿನ ಮನೆಯ ಹೆಂಗಸರು ಅದೇ ಕಲ್ಲಿನ ಮೇಲೆ ಕುಳಿತು ಒಬ್ಬರ ತಲೆಗೆ ಒಬ್ಬರು ನೀರು ಹಾಕಬೇಕು, ಸೊಸೆಗೆ ಅತ್ತೆ, ಅತ್ತೆಗೆ ಸೊಸೆ. ಆಮೇಲೆ ಕಲ್ಲು ಆರಿದಾಗ ಅದನ್ನು ಎತ್ತಿ ಬೋರಲು ಹಾಕಿದರೆ ಸಾವು ಮನೆ ಬಿಟ್ಟು ಹೋಯಿತು ಎಂದು ಲೆಕ್ಕ.

ಆ ಸಂಜೆ ಜಗದೇವಿ ಯಾರನ್ನೂ ಮಾತಾಡಿಸದೆ ಬಚ್ಚಲಿಗೆ ಹೋದಳು. ಮುಟ್ಟಲು ಅವಳಿಗೆ ಬೇರೆ ಏನೂ ಉಳಿದಿರಲಿಲ್ಲ. ಕಲ್ಲು ಹಸಿ ಇತ್ತು, ಬೇವಿನ ಎಲೆ ಅಂಟಿಕೊಂಡಿದ್ದವು. ಎರಡೂ ಅಂಗೈ ಊರಿ ಕುಳಿತಳು. ರಾತ್ರಿ ಬಹಳ ಹೊತ್ತಿನ ತನಕ ಏಳಲಿಲ್ಲ, ಅಳಲೂ ಇಲ್ಲ. ಕೊನೆಗೆ ಕೈ ತೆಗೆದಾಗ ಅಂಗೈ ಬೆಳ್ಳಗೆ ಸುಕ್ಕಾಗಿದ್ದವು.

ಮರುದಿನ ನೀರು ಹಾಕುವ ಹೊತ್ತಿಗೆ ಮಾಳಮ್ಮ ತಲೆ ಒಡ್ಡಲಿಲ್ಲ. "ಇಕಿ ಕೈಲಿ ನೀರು ನನಗ ಬ್ಯಾಡ. ಗಂಡ ಇಲ್ಲಿ ಮಲಗಿದ್ದಾಗ ಇಕಿ ಅಲ್ಲಿ ಬರೀಲಿಕತ್ತಿದ್ಲು" ಎಂದವಳೇ ಬಾವಿಗೆ ಹೋಗಿ ತಾನೇ ಕೊಡ ಸುರಿದುಕೊಂಡು ಬಂದಳು. ಜಗದೇವಿಯ ತಲೆಗೆ ಓಣಿಯ ಹೆಂಗಸರು ಯಾರೋ ನೀರು ಹಾಕಿದರು.

ಅಂದಿನಿಂದ ಕಲ್ಲು ಆರಲಿಲ್ಲ. ಅಂದಿನಿಂದಲೇ ಜಗದೇವಿಯ ಕೈಗೆ ಬಿಸಿ ಯಾವುದು, ತಣ್ಣಗೆ ಯಾವುದು ತಿಳಿಯದಾಯಿತು.

ಕೈಯ ವಿಷಯ ಮೊದಲು ಯಾರಿಗೂ ಗೊತ್ತಾಗಲಿಲ್ಲ, ಅವಳಿಗೂ. ಒಂದು ಮುಂಜಾನೆ ಕೂಸಿಗೆ ಎರೆಯಲು ಕುಳಿತಳು. ನೀರಿನಲ್ಲಿ ಕೈ ಇಟ್ಟು ನೋಡಿದಳು, ಏನೂ ಅನ್ನಿಸಲಿಲ್ಲ, ಹಾಕಿದಳು. ಸುಗಲಾ ಚೀರಿದ ಚೀರಿಗೆ ಮಾಳಮ್ಮ ರೊಟ್ಟಿ ಬಿಟ್ಟು ಓಡಿ ಬಂದಳು. ಕೂಸಿನ ಎಡ ಹೆಗಲು ಕೆಂಪಾಗಿ ಉಬ್ಬಿತ್ತು. ಜಗದೇವಿ ಇನ್ನೊಂದು ತಂಬಿಗೆ ತುಂಬಿ ಹಿಡಿದು, ಇದು ಯಾಕೆ ಅಳುತ್ತಿದೆ ಎಂದು ನೋಡುತ್ತಿದ್ದಳು.

"ನಿನ್ನ ಕೈ ಸತ್ತಾವ" ಎಂದಳು ಮಾಳಮ್ಮ, ಕೂಸನ್ನು ಕಸಿದುಕೊಂಡು. "ಈ ಕಲ್ಲು ಆರಲಿ. ಆಮ್ಯಾಲೆ ನಿನ್ನ ಮಗಳನ್ನ ಒಯ್ಯಿ."

ಜಗದೇವಿ ಎದುರಾಡಲಿಲ್ಲ. ಸೇಡಂನ ಕನ್ಯಾ ಶಾಲೆಯಿಂದ ನೇಮಕದ ಆರ್ಡರು ಬಂತು, ಹೋದಳು.

*

ಟಾಂಗಾ ಇಳಿದು ಓಣಿ ಹೊಕ್ಕಾಗ ಸುಗಲಾ ಅಂಗಳದಲ್ಲಿ ಕಲ್ಲಿನ ಚಕ್ಕೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಕುಳಿತಿದ್ದಳು. ತಲೆ ಎತ್ತಿ ನೋಡಿದಳು. ಎದ್ದು ಒಳಗೆ ಓಡಿದಳು.

"ಅಜ್ಜೀ, ಸೇಡಂ ಬಾಯಾರು ಬಂದಾರ!"

ಒಳಗಿನಿಂದ ಗುಂಡಮ್ಮನ ನಗೆ ಕೇಳಿತು. "ಬಾಯಾರಲ್ಲ ಪೋರಿ, ಅವ್ವ ಅನ್ನು."

"ಅವ್ವ ಅಂದ್ರ ಬಿಸ್ಕೀಟ್ ತಂದಿರ್ತಾರೇನು?"

"ನೋಡಿದ್ಯಾ ಜಗದೇವಿ, ನಿನ್ನ ಮಗಳು ವ್ಯಾಪಾರಕ್ಕ ಕುಂತಾಳ." ಗುಂಡಮ್ಮ ಹೊಸ್ತಿಲಿಗೆ ಬಂದು ಟ್ರಂಕು ಇಸಿದುಕೊಂಡಳು. ದಪ್ಪ ಹೆಂಗಸು, ಮಾತಿಗೆ ಮುಂಚೆ ಬೆವರುವವಳು. ತಗ್ಗಿದ ದನಿಯಲ್ಲಿ ಹೇಳಿದಳು, "ಹಣಮ್ಯಾನ ಮದಿವಿ ಸಲುವಾಗಿ ಚಿತ್ತಾಪುರದ ಬೀಗರು ಸೋಮಾರ ಮನಿ ನೋಡ್ಲಿಕ್ಕ ಬರ್ತಾರ. ಸಾವಿನ ಕಲ್ಲು ಹಸಿ ಇದ್ದ ಮನಿಗೆ ಹೆಣ್ಣು ಕೊಡೂದಿಲ್ಲ ಅಂತ ಮೊದಲೇ ಹೇಳಿ ಕಳಿಸ್ಯಾರ. ಹಣಮ್ಯಾ ಇವತ್ತ ಒಡೀತಾನ. ನೀ ಬಾಯಿ ಮುಚ್ಕೊಂಡು ಕುಂದ್ರು, ಸಂಜಿ ಗಾಡಿಗೆ ಪೋರಿನ ಕರ್ಕೊಂಡು ನಡಿ."

"ಅತ್ತಿ ಏನಂತಾರ?"

"ಏನೂ ಅನ್ನೂದಿಲ್ಲ. ಅದೇ ಅಂಜಿಕಿ ನನಗ."

ಮಾಳಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರುಗಲಿಲ್ಲ.

"ಬಂದ್ಯಾ? ಕಲ್ಲು ಇನ್ನೂ ಹಸಿ ಅದ."

"ಹೂಂ ಅತ್ತಿ."

"ಕುಂದ್ರು."

ಇಷ್ಟು ಮಂದಿ ಒಟ್ಟಿಗೆ ಈ ಅಡುಗೆಮನೆಯಲ್ಲಿ ಕುಳಿತು ಮೂರು ವರ್ಷವಾಗಿತ್ತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗುಂಡಮ್ಮ ಚಹಾ ಸೋಸಿ ಕೊಟ್ಟಳು. ಸ್ಟೀಲಿನ ಲೋಟ, ಒಲೆಯಿಂದ ಆಗಷ್ಟೇ ಇಳಿಸಿದ ಚಹಾ. ತಾನು ಸೆರಗಿನ ಚುಂಗಿನಲ್ಲಿ ಹಿಡಿದಿದ್ದ ಲೋಟವನ್ನು ಚಾಚಿದಳು. ಜಗದೇವಿ ಅದನ್ನು ಪೂರಾ ಅಂಗೈಯಲ್ಲಿ ಹಿಡಿದುಕೊಂಡಳು.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಬಾಯಾರ ಕೈ ಸುಡೂದಿಲ್ಲೇನು ಅಜ್ಜಿ?" ಸುಗಲಾ ಕೇಳಿದಳು.

ಜಗದೇವಿ ಲೋಟ ಕೆಳಗಿಟ್ಟಳು. ತಡವಾಗಿತ್ತು. ಅಂಗೈ ಕೆಂಪಾಗಿದ್ದು ಎಲ್ಲರಿಗೂ ಕಾಣುತ್ತಿತ್ತು, ಅವಳಿಗೂ ಕಾಣುತ್ತಿತ್ತು. ಕಾಣುವುದಷ್ಟೇ.

"ನೋಡಿದ್ಯಾ ಗುಂಡಿ?" ಎಂದಳು ಮಾಳಮ್ಮ. "ಇಕಿ ಕೈಯಾಗ ಪೋರಿನ ಕೊಡು ಅಂತೀ ನೀನು."

*

ಆ ಕಲ್ಲಿನ ಕಥೆ ಅಷ್ಟಿಷ್ಟಲ್ಲ. ಮೊದಲ ಬೇಸಿಗೆಯಲ್ಲಿ ಹಣಮಪ್ಪ ಅದರ ಮೇಲೆ ಜೋಳದ ಕಣಕಿ ಉರಿಸಿದ. ಬೂದಿ ತೆಗೆದರೆ ಕೆಳಗೆ ನೀರು. ಅಡಿಯಲ್ಲಿ ಸೆಲೆ ಇರಬೇಕೆಂದು ಕಲ್ಲು ಕಿತ್ತು ಅಗೆದ. ಮಣ್ಣು ಉರಿದು ಹೋದಷ್ಟು ಒಣಗಿತ್ತು. ಕಿತ್ತ ಕಲ್ಲನ್ನು ಓಣಿಗೆ ತಂದು ಗೋಡೆಗೆ ಆನಿಸಿದರು. ಎಂಟು ದಿನದಲ್ಲಿ ಎದುರು ಮನೆ ಬಾಬುಮಿಯಾನ ಬಾಗಿಲ ತನಕ ಕೆಸರಾಯಿತು, ಕೋಳಿ ಕಾಲು ಹೂತು ಒದ್ದಾಡಿದವು. "ಭಾಯಿ, ನಿಮ್ಮ ಕಲ್ಲು ನಿಮ್ಮನ್ಯಾಗೇ ಅಳಲಿ" ಎಂದು ಬಾಬುಮಿಯಾನೇ ಕೈ ಹಚ್ಚಿ ಒಳಗೆ ಇಡಿಸಿದ. ಅವನು ಶಿವರಾಯನ ಜೊತೆ ಖಣಿಯಲ್ಲಿ ದುಡಿದವನು. ಕಲ್ಲಿನ ಅಡಿಯಿಂದ ಶಿವರಾಯನನ್ನು ಎಳೆದವನೂ ಅವನೇ.

ಇನ್ನೊಂದು ವಿಷಯವನ್ನು ಮನೆಯವರು ಹೊರಗೆ ಹೇಳುತ್ತಿರಲಿಲ್ಲ. ಆ ನೀರು ಬೆಚ್ಚಗಿತ್ತು. ಚಳಿಗಾಲದ ಮುಂಜಾನೆಯಲ್ಲೂ ಕಲ್ಲಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಸುಗಲಾ ಎಷ್ಟೋ ಸಲ ಅದರ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದಳು. ಎಬ್ಬಿಸಿದರೆ ಲಂಗ ಮಾತ್ರ ಒದ್ದೆಯಾಗಿರುತ್ತಿತ್ತು, ಒಂದು ಸಲವೂ ನೆಗಡಿ ಬರಲಿಲ್ಲ.

ಊಟದ ಹೊತ್ತಿಗೆ ಮುಂಚೆ ಹಣಮಪ್ಪ ಬಂದ. ಹೆಗಲ ಮೇಲೆ ಘಣ ಇತ್ತು, ಖಣಿಯಲ್ಲಿ ಬಂಡೆ ಒಡೆಯುವ ದೊಡ್ಡ ಸುತ್ತಿಗೆ. ಹಿಂದೆ ಬಾಬುಮಿಯಾ.

"ವೈನೀ, ಬಂದ್ರೇನು? ಬರೋಬರಿ ಆಯ್ತು" ಎಂದ ಹಣಮಪ್ಪ, ಜಗದೇವಿಯ ಕಡೆ ನೋಡದೆ. "ಇವತ್ತಿಗೆ ಎಲ್ಲಾರ ಪೀಡಾ ಹೋಗ್ತದ."

ಮಾಳಮ್ಮ ಹಿಟ್ಟಿನ ಕೈ ತೊಳೆದಳು. ಸುಗಲಾಳ ಮುಂಗೈ ಹಿಡಿದಳು. ಅವಸರವಿಲ್ಲದೆ ಹಿತ್ತಿಲ ಬಚ್ಚಲಿಗೆ ನಡೆದು, ಕಲ್ಲಿನ ನಡುವೆ ಕುಳಿತು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಸೀರೆಯ ಕೆಳಗೆ ನೀರು ಹರಡಿತು.

"ಅವ್ವಾ, ಏಳು" ಎಂದ ಹಣಮಪ್ಪ.

"ಒಡಿ."

"ಏಳವ್ವಾ. ಹುಚ್ಚರಂಗ ಮಾಡಬ್ಯಾಡ."

"ನಾ ಬ್ಯಾಡ ಅಂದೆನೇನು? ಒಡಿ. ನನ್ನ ಮೊದಲು ಒಡಿ, ಆಮ್ಯಾಲೆ ಕಲ್ಲು ಒಡಿ. ಚಿತ್ತಾಪುರದವರಿಗೆ ಎರಡೂ ತೋರಿಸು."

ಗುಂಡಮ್ಮ ಹಣೆ ಹಣೆ ಬಡಿದುಕೊಂಡಳು. "ಹಬ್ಬಕ್ಕ ಕರದ್ರ ಒಬ್ರೂ ಬರೂದಿಲ್ಲ. ಇವತ್ತ ಎಲ್ಲಾರೂ ಕೂಡೀವಿ, ಇವತ್ತೇ ಇಕಿದು ಇದು ನಡದದ. ಅವ್ವಾ, ಅಂವನ ಮದಿವಿ ಆಗಬೇಕೋ ಬ್ಯಾಡೋ?"

"ಆಗಲಿ. ನಾ ಅಡ್ಡ ಬಂದೀನೇನು?"

"ಅಡ್ಡನೇ ಕುಂತೀಯಲ್ಲ!"

ಜಗದೇವಿ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು. ಕಲ್ಲು ಒಡೆಯಲಿ ಎಂದು ಅವಳ ಮನಸ್ಸು ಒಂದೇ ಸಮ ಹೇಳುತ್ತಿತ್ತು. ಒಂದೇ ಏಟು. ಅದು ಬಿದ್ದರೆ ಸಂಜೆಯ ಗಾಡಿ, ಜೂನು, ಶಾಲೆ. ಬಾಯಿ ತೆರೆದಳು.

"ಅತ್ತಿ, ಏಳ್ರಿ. ಕಲ್ಲಿನ ಮ್ಯಾಲೆ ನನ್ನ ಮಗಳನ್ನ ಒತ್ತಿ ಇಡಬ್ಯಾಡ್ರಿ."

ಮಾಳಮ್ಮ ಆಗ ಅವಳ ಮುಖ ನೋಡಿದಳು. ಬಂದಾಗಿನಿಂದ ಅದೇ ಮೊದಲು.

"ಕಲ್ಲು ಒಡದ್ರ ನಿನ್ನ ಕೈಗೆ ಜೀವ ಬರ್ತದೇನು? ಹೇಳು. ಇನ್ನೊಂದು ಹೆಗಲೂ ಸುಟ್ಕೊಳ್ಳಲೇನು ಇದು?"

ಸುಗಲಾಳ ಪೋಲಕದ ತೋಳು ಜಾರಿತ್ತು. ಎಡ ಹೆಗಲ ಮೇಲೆ ಸುಟ್ಟ ಕಲೆ, ಬಾಡಿದ ಎಲೆಯ ಹಾಗೆ ನುಣ್ಣಗೆ. ಮಗುವಿನ ಜೊತೆ ಅದೂ ಬೆಳೆದು ದೊಡ್ಡದಾಗಿತ್ತು.

"ಸಾಕು ಇನ್ನ" ಎಂದ ಹಣಮಪ್ಪ. ತಾಯಿ ಕುಳಿತ ಕಡೆ ಬಿಟ್ಟು ಕಲ್ಲಿನ ಇನ್ನೊಂದು ಮೂಲೆಗೆ ಹೋದ, ಕಾಲು ಅಗಲಿಸಿದ. "ಹಣಮಪ್ಪಾ, ತಡಿ" ಎಂದು ಬಾಬುಮಿಯಾ ಕೈ ಚಾಚುವುದರಲ್ಲಿ ಘಣ ಮೇಲೆದ್ದು ಕೆಳಗಿಳಿಯಿತು.

ಕಲ್ಲು ಒಡೆಯುವ ಸಪ್ಪಳ ಆಗಲೇ ಇಲ್ಲ. ತೊಯ್ದ ಜೋಳದ ಚೀಲಕ್ಕೆ ಹೊಡೆದಂತೆ ಧಪ್ಪೆಂದಿತು. ಬೆಚ್ಚನೆಯ ನೀರು ಮೊಳಕಾಲೆತ್ತರ ಚಿಮ್ಮಿ ಹಣಮಪ್ಪನ ಧೋತರ ತೊಯ್ಸಿತು. ಅದೇ ಕ್ಷಣಕ್ಕೆ ಬಾಗಿಲಲ್ಲಿ ನಿಂತ ಜಗದೇವಿ "ಅವ್ವಾ!" ಎಂದು ಕೂಗಿ ಎರಡೂ ಕೈ ಎದೆಗೆ ಒತ್ತಿಕೊಂಡು ಕುಸಿದಳು.

ಯಾರೋ ಅವಳ ಅಂಗೈಗಳನ್ನು ಹಲಗೆಯ ಮೇಲೆ ಇಟ್ಟು ಘಣದಿಂದ ಹೊಡೆದಂತಾಗಿತ್ತು. ನೋವು ಮೊಣಕೈ ತನಕ ಏರಿ, ಅಲ್ಲಿಂದ ಇಳಿದು, ಮತ್ತೆ ಇಲ್ಲವಾಯಿತು. ಅಂಗೈ ಬಿಚ್ಚಿ ನೋಡಿದಳು. ಗಾಯವಿಲ್ಲ. ಮೂರು ವರ್ಷದಲ್ಲಿ ಆ ಕೈಗಳಿಗೆ ತಿಳಿದದ್ದು ಅದೊಂದೇ.

"ಏನಾಯ್ತು ವೈನಿ? ಚಕ್ಕಿ ಸಿಡೀತೇನು?" ಹಣಮಪ್ಪ ಗಾಬರಿಯಾದ.

ಜಗದೇವಿ ನೋಡುತ್ತಿದ್ದದ್ದು ಮಾಳಮ್ಮನನ್ನು. ಮಾಳಮ್ಮ ನೋಡುತ್ತಿದ್ದದ್ದು ಅವಳ ಅಂಗೈಯನ್ನು. ಮುದುಕಿ ತನ್ನ ಕೈಯನ್ನು ಮೆಲ್ಲಗೆ ಕಲ್ಲಿನ ಮೇಲೆ ಆಡಿಸಿದಳು, ನಿದ್ದೆ ಹೋದ ಕೂಸಿನ ಬೆನ್ನ ಮೇಲೆ ಆಡಿಸುವಂತೆ.

"ಈ ಬಿಸಿ... ನಿನ್ನ ಕೈದೇನು?" ಎಂದಳು.

ಹಣಮಪ್ಪ ಮತ್ತೆ ಘಣದ ಕಾವು ಹಿಡಿದ. "ಇನ್ನೊಂದು ಏಟಿಗೆ ಹೋಗ್ತದ ಇದು."

ಹೋಗುತ್ತದೆ ಎಂದು ಜಗದೇವಿಗೂ ಗೊತ್ತಾಯಿತು. ಕಲ್ಲು ಹೋಗುತ್ತದೆ, ಅತ್ತೆಯ ಮಾತು ಹೋಗುತ್ತದೆ, ಸಂಜೆಯ ಗಾಡಿಯಲ್ಲಿ ಸುಗಲಾ ಅವಳ ಪಕ್ಕದಲ್ಲಿ ಕುಳಿತಿರುತ್ತಾಳೆ. ಮತ್ತು ಈ ಕೈಗಳು ಜೀವ ಇರುವ ತನಕ ಹೀಗೇ ಇರುತ್ತವೆ. ಸೇಡಂನ ಕೋಣೆಯಲ್ಲಿ, ದಿನಾ ಮುಂಜಾನೆ, ಹಂಡೆಯ ಮುಂದೆ, ಮಗಳ ಮೈಗೆ ನೀರು ಹಾಕುವ ಕೈಗಳು.

"ಬ್ಯಾಡ ಹಣಮಪ್ಪಾ" ಎಂದಳು.

"ನೀವೇ ಬ್ಯಾಡ ಅಂತೀರೇನು? ನಿಮ್ಮ ಸಲುವಾಗಿ ಅಲ್ಲೇನ್ರಿ ನಾ..."

"ಬ್ಯಾಡ. ಕೆಳಗಿಡು."

ಬಾಬುಮಿಯಾ ಹಣಮಪ್ಪನ ಕೈಯಿಂದ ಘಣ ತೆಗೆದುಕೊಂಡ, ಗೋಡೆಗೆ ಆನಿಸಿದ.

ಜಗದೇವಿ ಎದ್ದು ಬಚ್ಚಲೊಳಗೆ ಬಂದಳು. ಹಂಡೆಯಲ್ಲಿ ನೀರು ಮರಳುತ್ತಿತ್ತು. ಊರಿಂದ ಬಂದವರ ಜಳಕಕ್ಕೆಂದು ಗುಂಡಮ್ಮ ಮುಂಜಾನೆಯಿಂದ ಉರಿ ಹಾಕಿದ್ದಳು, ಈ ಗದ್ದಲದಲ್ಲಿ ಯಾರೂ ಜಳಕ ಮಾಡಿರಲಿಲ್ಲ. ಮಾಳಮ್ಮನ ತಲೆ ಹತ್ತಿರದಿಂದ ಕಂಡಿತು. ಕೂದಲು ಪೂರಾ ಬಿಳಿಯಾಗಿ ಹಗ್ಗದ ಹಾಗೆ ಗಂಟು ಕಟ್ಟಿತ್ತು. ಒಂಟಿಯಾಗಿ ನೀರು ಸುರಿದುಕೊಳ್ಳುವವರ ತಲೆ ಹಾಗೇ ಆಗುತ್ತದೆ, ಹಿಂದಿನ ಕೂದಲಿಗೆ ಕೈ ಹೋಗುವುದಿಲ್ಲ.

"ಅತ್ತಿ" ಎಂದಳು. "ನೀರು ಹಾಕ್ತೀನಿ."

ಬಾಬುಮಿಯಾ ಹಣಮಪ್ಪನ ತೋಳು ಹಿಡಿದ. "ನಡಿಯೋ ಬಾಬಾ. ಹೆಣ್ಮಕ್ಕಳ ನೀರಿನ ಜಾಗಾದಾಗ ನಮ್ಮದೇನು ಕೆಲಸ? ಬಾ, ನಮ್ಮನ್ಯಾಗ ಕುಂದ್ರು."

ಗಂಡಸರು ಹೋದರು. ಗುಂಡಮ್ಮ ಬಾಗಿಲು ಮುಂದೆ ಮಾಡಿದಳು.

ಮಾಳಮ್ಮ ಸುಗಲಾಳನ್ನು ತೊಡೆಯಿಂದ ಇಳಿಸಿ ಪಕ್ಕಕ್ಕೆ ನಿಲ್ಲಿಸಿದಳು. ಜಗದೇವಿ ಬಕೆಟ್ಟಿನಲ್ಲಿ ಹಂಡೆಯ ನೀರು ಹಾಕಿದಳು, ಕೊಡದ ತಣ್ಣೀರು ಬೆರೆಸಿದಳು. ತಂಬಿಗೆ ಅದ್ದಿದಳು.

"ತಡಿ" ಎಂದಳು ಮಾಳಮ್ಮ. ದನಿ ಗಟ್ಟಿಯಾಗಿತ್ತು. "ಹದ ಅದೇನು? ಕೈ ಇಟ್ಟು ನೋಡಿ ಹೇಳು."

ಜಗದೇವಿ ಬಕೆಟ್ಟಿನಲ್ಲಿ ಕೈ ಇಟ್ಟಳು. ನೀರು ಮುಂಗೈ ತನಕ ಬಂದದ್ದು ಕಂಡಿತು. ಅದರ ಆಚೆ ಏನೂ ಇಲ್ಲ. ಹಬೆ ಏಳುತ್ತಿತ್ತು, ಬಿಸಿ ಇದ್ದೀತು. ಎಷ್ಟು ತಣ್ಣೀರು ಹಾಕಿದ್ದಳೋ ಅದರ ಮೇಲೆ ಅಂದಾಜು ಮಾಡಿ ಹೇಳಬಹುದಿತ್ತು. ಸೇಡಂನಲ್ಲಿ ಅವಳು ಬದುಕುತ್ತಿದ್ದದ್ದೇ ಹಾಗೆ, ಹಬೆ ನೋಡಿ, ಬಣ್ಣ ನೋಡಿ, ಬೇರೆಯವರ ಮುಖ ನೋಡಿ. ಸರಿಯಾಗಿ ಹೇಳಿದರೆ ಅತ್ತೆಯ ಬಾಯಿ ಕಟ್ಟಿದಂತೆ. ತಪ್ಪಿದರೆ ಮುದುಕಿಯ ತಲೆಯ ಮೇಲೆ ಸುಡುವ ನೀರು.

ಸುಗಲಾ ತನ್ನ ಎಡ ಹೆಗಲನ್ನು ಬಲಗೈಯಿಂದ ಮುಚ್ಚಿಕೊಂಡು ನೋಡುತ್ತಿದ್ದಳು.

"ತಿಳೀವಲ್ದು ಅತ್ತಿ" ಎಂದಳು ಜಗದೇವಿ. "ನನ್ನ ಕೈಗೆ ಏನೂ ತಿಳೀವಲ್ದು. ನೀವೇ ನೋಡಿ ಹೇಳ್ರಿ."

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೂಸು ಚೀರಿದ ದಿನವೂ ಹೇಳಿರಲಿಲ್ಲ.

ಮಾಳಮ್ಮ ಕೈ ಚಾಚಿ ಬಕೆಟ್ಟಿನಲ್ಲಿ ಸೊಸೆಯ ಕೈಯ ಪಕ್ಕ ಇಟ್ಟಳು.

"ಹೆಚ್ಚಾಗ್ಯದ. ಇನ್ನೆರಡು ತಂಬಗಿ ತಣ್ಣೀರು."

ಜಗದೇವಿ ಹಾಕಿದಳು.

"ಇನ್ನ ಬಿಸಿ ಅದ" ಎಂದಳು ಸುಗಲಾ. ಅವಳೂ ಬೆರಳು ಅದ್ದಿದ್ದಳು.

"ಮುದುಕೇರಿಗೆ ಇಷ್ಟು ಬೇಕು, ನೀ ಸುಮ್ನಿರು" ಎಂದಳು ಮಾಳಮ್ಮ. ಮತ್ತೆ ತಲೆ ಬಗ್ಗಿಸಿದಳು. "ಹೂಂ. ಹಾಕು."

ಮೊದಲ ತಂಬಿಗೆಗೆ ಮುದುಕಿಯ ಬೆನ್ನು ಒಮ್ಮೆ ನಡುಗಿತು. ಎರಡನೆಯದಕ್ಕೆ ಕುತ್ತಿಗೆ ಸಡಿಲಾಯಿತು. ಜಗದೇವಿ ಗಂಟು ಬಿಡಿಸುತ್ತ, ಹಿಂದಿನ ಕೂದಲಿಗೆ ಸೀಗೆಪುಡಿ ತಿಕ್ಕುತ್ತ, ನೀರು ಹಾಕುತ್ತ ಹೋದಳು. ನೀರಿನೊಳಗಿಂದ ಮಾಳಮ್ಮ ಮಾತಾಡಿದಳು. ಯಾರಿಗೆ ಹೇಳುತ್ತಿದ್ದಾಳೋ ತಿಳಿಯದಂತೆ, ಕಲ್ಲಿನ ಕಡೆ ನೋಡುತ್ತ.

"ಸಂಜಿತನಕ ಕಾದೆವು. ಹೊತ್ತು ಮುಳಗಲಿಕತ್ತು. ಇನ್ನ ಇಡಲಿಕ್ಕ ಬರೂದಿಲ್ಲ ಅಂದ್ರು."

"ಆರಾಮಿಲ್ಲ ಅಂತ ಅಷ್ಟೇ ಹೇಳಿದ್ರು ಅತ್ತಿ ನನಗ. ಜ್ವರಾ ಇರಬೇಕು ಅಂತ..."

"ಹಂಗ ಹೇಳಿ ಕಳಿಸಿದಾಕಿ ನಾನೇ."

ಜಗದೇವಿಯ ಕೈ ನಿಂತಿತು.

"ಖರೆ ಹೇಳಿದ್ರ ದಾರ್ಯಾಗ ನಿನಗ ಏನಾರ ಆದೀತು ಅಂತ ಅಂಜಿಕಿ. ಸಣ್ಣ ಪೋರಿ ನೀನು. ನಾನೇ ಹಂಗ ಹೇಳಿ, ಬರ್ಲಿಲ್ಲ ಅಂತ ನಿನ್ನ ಮ್ಯಾಲೇ ಹಾಕಿದೆ." ಮುಖದ ಮೇಲಿನ ನೀರನ್ನು ಒರೆಸಿಕೊಂಡಳು. "ಯಾರ ಮ್ಯಾಲಾದ್ರೂ ಹಾಕಬೇಕಿತ್ತಲ್ಲ. ಕಲ್ಲಿನ ಮ್ಯಾಲೆ ಹಾಕ್ಲಿಕ್ಕ ಬರ್ತದೇನು?"

ಗುಂಡಮ್ಮ ಬಾಗಿಲ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು.

ಮಾಳಮ್ಮ ಎದ್ದಳು. ನೀರು ಸೋರುವ ಸೀರೆಯಲ್ಲೇ ತಂಬಿಗೆ ಕಸಿದುಕೊಂಡು ಕಲ್ಲು ತೋರಿಸಿದಳು.

"ಕುಂದ್ರು."

ಜಗದೇವಿ ಕುಳಿತಳು. ಮೂರು ವರ್ಷದ ಹಿಂದೆ ಇಟ್ಟಂತೆಯೇ ಎರಡೂ ಅಂಗೈ ಕಲ್ಲಿನ ಮೇಲೆ ಊರಿದಳು. ನೆತ್ತಿಯ ಮೇಲೆ ನೀರು ಬಿತ್ತು. ಕಿವಿ, ಕುತ್ತಿಗೆ, ತೋಳು ದಾಟಿ ಇಳಿಯಿತು. ಇನ್ನೊಂದು ತಂಬಿಗೆ. ನೀರು ಮುಂಗೈ ಮುಟ್ಟಿತು, ಬೆರಳ ಸಂದಿಯಲ್ಲಿ ಹರಿಯಿತು.

"ಅಯ್ಯೋ, ಸುಡ್ತದ!"

ಮಾಳಮ್ಮನ ಕೈ ಗಾಳಿಯಲ್ಲೇ ನಿಂತಿತು.

"ಏನಂದಿ?"

"ಸುಡ್ತದ ಅತ್ತಿ. ಕೈ ಸುಡ್ಲಿಕತ್ತಾವ."

ಗುಂಡಮ್ಮ ಧಾವಿಸಿ ಬಂದು ಬಕೆಟ್ಟಿನಲ್ಲಿ ಕೈ ಇಟ್ಟಳು. "ಎಲ್ಲದ ಬಿಸಿ? ಉಗುರಬೆಚ್ಚಗ ಅದಲ್ಲಾ!"

"ಸುಡ್ತದ" ಎಂದಳು ಜಗದೇವಿ ಮತ್ತೆ. ಅಂಗೈ ಎತ್ತಿಕೊಳ್ಳಲಿಲ್ಲ. ಉಗುರುಬೆಚ್ಚಗಿನ ನೀರು ಕೆಂಡದ ಹಾಗೆ ಬೆರಳ ತುದಿಯಿಂದ ಒಳಕ್ಕೆ ಏರುತ್ತಿತ್ತು, ಬಾಯಿ ಅಗಲವಾಯಿತು. ಅವಳು ಅಳುತ್ತಿದ್ದಾಳೆ ಎಂದು ಅವಳಿಗೆ ಗೊತ್ತಾದದ್ದು ಸುಗಲಾ ಹೇಳಿದ ಮೇಲೆ.

"ಅಜ್ಜಿ, ಬಾಯಾರು ಅಳಾಕತ್ತಾರ."

"ಅಳಲಿ" ಎಂದಳು ಮಾಳಮ್ಮ. "ಸುಡಲಿ. ಸುಡಲಿ ಇನ್ನೊಂದಿಷ್ಟು." ಹಾಗೆ ಹೇಳುತ್ತ ಬಕೆಟ್ಟು ಖಾಲಿಯಾಗುವ ತನಕ ಹಾಕಿದಳು.

ಅಷ್ಟು ನೀರಿನಲ್ಲಿ ಒಂದು ಹನಿಯೂ ಮೋರಿಗೆ ಹೋಗಲಿಲ್ಲ ಎಂಬುದನ್ನು ಮೊದಲು ಕಂಡವಳು ಗುಂಡಮ್ಮ. ಕಲ್ಲು ಕುಡಿಯುತ್ತಿತ್ತು. ಅಂಚಿನಿಂದ ಶುರುವಾಗಿ, ಬೇಸಿಗೆಯ ಎರೆ ಹೊಲ ಮೊದಲ ಮಳೆ ಕುಡಿಯುವಂತೆ, ಸದ್ದಿಲ್ಲದೆ. ಒದ್ದೆಯ ಕಪ್ಪು ಬಣ್ಣ ಸರಿದು ಸರಿದು ನಡುವಿಗೆ ಬಂತು. ಜಗದೇವಿ ಎದ್ದಾಗ ಅವಳು ಕುಳಿತಷ್ಟು ಜಾಗ ಮಾತ್ರ ಹಸಿ ಇತ್ತು. ನೋಡುತ್ತಿದ್ದಂತೆ ಅದೂ ಆರಿ ಬೂದು ಬಣ್ಣದ ಫರಸಿಯಾಯಿತು.

ಸುಗಲಾ ಅದರ ಮೇಲೆ ಕಾಲಿಟ್ಟು ತಟ್ಟನೆ ತೆಗೆದಳು. "ಶ್ಶೀ, ಥಂಡಿ ಅದ."

"ಕಲ್ಲು ಥಂಡಿನೇ ಇರ್ತದ" ಎಂದಳು ಮಾಳಮ್ಮ.

*

ಬಿಸಿಲು ಇಳಿಯುವ ಮುಂಚೆ ಕಲ್ಲು ಎತ್ತಿದರು. ನಾಲ್ಕು ಮೂಲೆಗೆ ನಾಲ್ಕು ಜನ, ಹಣಮಪ್ಪ, ಬಾಬುಮಿಯಾ, ಗುಂಡಮ್ಮ, ಜಗದೇವಿ. ಒಂದು ಕೈ ಹಿಂದುಮುಂದಾದರೂ ಫರಸಿ ನಡುವೆ ಬಿರಿಯುತ್ತದೆ, ಅದಕ್ಕೆ ಮಾಳಮ್ಮ ಎದುರು ನಿಂತು "ಹಾಂ... ಎತ್ತು" ಎಂದು ಕೂಗು ಕೊಟ್ಟಳು. ಜಗದೇವಿಯ ಹಸಿ ಅಂಗೈಗೆ ಕಲ್ಲಿನ ಅಂಚು ಚುಚ್ಚಿತು. ಬಿಡಲಿಲ್ಲ. ಬೋರಲು ಹಾಕಿದಾಗ ಮೇಲೆ ಬಂದದ್ದು ಹಳೆಯ ಮೈ, ಹಿಂದೆ ಮಾವ ಸತ್ತಾಗ ಅವನನ್ನು ತೊಳೆದಿದ್ದ ಮೈ, ಕಾಲು ತಾಗಿ ತಾಗಿ ಕನ್ನಡಿಯಂತೆ ನುಣುಪಾಗಿತ್ತು.

"ಬೀಗರಿಗೆ ಇನ್ನ ಏನ್ ಬೇಕಂತ?" ಎಂದ ಬಾಬುಮಿಯಾ. "ಜಾರಿ ಬೀಳ್ದಂಗ ನೋಡ್ಕೊಳ್ರಿ ಅಷ್ಟೇ."

ಹಣಮಪ್ಪ ನಕ್ಕ. ಆ ಮನೆಯಲ್ಲಿ ಅವನು ನಕ್ಕದ್ದನ್ನು ಜಗದೇವಿ ಮರೆತೇಬಿಟ್ಟಿದ್ದಳು.

ಮಗಳ ಮಾತನ್ನು ಯಾರೂ ಎತ್ತಲಿಲ್ಲ. ಜಗದೇವಿಗೆ ಎತ್ತುವ ಧೈರ್ಯ ಇರಲಿಲ್ಲ. ಟ್ರಂಕಿನಿಂದ ಹೊಸ ಫ್ರಾಕು ತೆಗೆದಳು, ಮತ್ತೆ ಒಳಗಿಟ್ಟಳು. ಸಂಜೆಯ ಗಾಡಿಗೆ ಹೊತ್ತಾಗುತ್ತಿತ್ತು. ಅಡುಗೆಮನೆಯಲ್ಲಿ ಮಾಳಮ್ಮ ಒಬ್ಬಳೇ ಕುಳಿತು ಏನೋ ಕಟ್ಟುತ್ತಿದ್ದಳು. ಹೊರಗೆ ಬಂದಾಗ ಕೈಯಲ್ಲಿ ಒಂದು ಗಂಟು. ಸುಗಲಾಳ ಲಂಗಗಳು, ನಾಲ್ಕು ಕಟಿ ರೊಟ್ಟಿ, ಶೇಂಗಾ ಹಿಂಡಿ, ಅಂಗಳದ ಕಲ್ಲಿನ ಚಕ್ಕೆಗಳು ಕೂಡ.

"ನಾ ಹೋಗೂದಿಲ್ಲ" ಎಂದಳು ಸುಗಲಾ.

"ಹೋಗ್ತಿ. ಶ್ಯಾಣ್ಯಾಕಿ ಆಗಬೇಕಂದ್ರ ಹೋಗಬೇಕು. ಕಾಕಾನ ಮದಿವಿಗೆ ಬಾ, ನಿಮ್ಮವ್ವನ್ನೂ ಕರ್ಕೊಂಡು ಬಾ." ಮಾಳಮ್ಮ ಗಂಟನ್ನು ಸೊಸೆಯ ಕೈಗೆ ಕೊಟ್ಟಳು. ಕೊಟ್ಟ ಕೈ ಬಿಡದೆ, ಅಂಗೈ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಜಗದೇವಿ ಸ್ ಎಂದಳು. ಮಾಳಮ್ಮ ತಲೆಯಾಡಿಸಿದಳು.

"ಇಕಿಗೆ ಎಡಗಡೆ ಹೆಗಲಿಗೆ ಮೊದಲು ಹಾಕಬ್ಯಾಡ. ಅಂಜ್ತಾಳ. ಕಾಲಿಗೆ ಹಾಕಿ ಮ್ಯಾಲೆ ಬಾ."

"ಹೂಂ ಅತ್ತಿ."

"ಹೋಗಿ ಬರ್ರಿ" ಎಂದವಳು ಒಳಗೆ ಹೋದಳು. ಟಾಂಗಾ ಹೊರಟಾಗ ಬಾಗಿಲಲ್ಲಿ ಗುಂಡಮ್ಮ ಇದ್ದಳು, ಹಣಮಪ್ಪ ಇದ್ದ. ಹಿತ್ತಿಲ ಕಡೆಯಿಂದ ಕಲ್ಲಿನ ಮೇಲೆ ಕೊಡ ಇಡುವ ಸಪ್ಪಳ ಬಂತು.

ಸುಗಲಾ ವಾಡಿ ತನಕ ಅತ್ತಳು. ಅಳುವುದರ ನಡುವೆ ಕಿಟಕಿಯ ಹೊರಗೆ ಕಲ್ಲಿನ ಗಾಡಿ ಕಂಡರೆ ನಿಲ್ಲಿಸಿ ನೋಡಿ, ಮತ್ತೆ ಶುರು ಮಾಡುತ್ತಿದ್ದಳು. ಜಗದೇವಿ ಮುಟ್ಟಲು ಹೋದರೆ ಹೆಗಲು ಸರಿಸುತ್ತಿದ್ದಳು. ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ತಾಯಿ ಮಗಳು ನಡುವೆ ಗಂಟು ಇಟ್ಟುಕೊಂಡು ಕುಳಿತರು. ಚಹಾದವನು ಬಂದ. ಹುಡುಗಿ ಅಳು ಮರೆತು ಅವನ ಕೆಟಲು ನೋಡಿತು. ಜಗದೇವಿ ಒಂದು ಚಹಾ ತೆಗೆದುಕೊಂಡಳು. ಕಪ್ಪು ಕೈಗೆ ಬಂದ ತಕ್ಷಣ ಬೆರಳು ಹಿಂದಕ್ಕೆ ಹಾರಿದವು, ಅರ್ಧ ಚಹಾ ಕೆಳಗಿನ ಬಸಿಗೆ ಚೆಲ್ಲಿತು.

ಸುಗಲಾ ಬಸಿಗೆ ಕೈ ಚಾಚಿದಳು.

"ತಡಿ" ಎಂದಳು ಜಗದೇವಿ. "ಬಿಸಿ ಅದ."

ಹುಡುಗಿ ಅವಳ ಮುಖವನ್ನು ಸಂಶಯದಿಂದ ನೋಡಿತು. ಆಮೇಲೆ ತಾನೇ ಒಂದು ಬೆರಳನ್ನು ಮೆಲ್ಲಗೆ ಬಸಿಯಲ್ಲಿ ಅದ್ದಿ, ಝಟ್ಟನೆ ತೆಗೆದು, ಬಾಯಲ್ಲಿಟ್ಟುಕೊಂಡಿತು.

"ಹೌದು" ಎಂದಿತು. "ಬಿಸಿನೇ ಅದ."

ಸ್ವಲ್ಪ ಹೊತ್ತಿಗೆ ಗಂಟಿನ ಮೇಲಿಂದ ಈಚೆ ಸರಿದು ಕುಳಿತಿತು.

"ಊದಿ ಕೊಡು."